ಎರಡು ತಲೆಯ ಡ್ರೈವರಿಗೆ ಹೊಸದುರ್ಗದ ಮಾತು

ಬಿ.ಎ.ಯ ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಎರಡನೆಯ ಸಲ ಫೇಲಾದಾಗ, ಚಿತ್ರದುರ್ಗದ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, "ಪುಸ್ತಕದಿಂದ ನಿನಗೆ ಇಂಗ್ಲಿಷ್ ಬರಲ್ಲಮ್ಮ, ಟೀವಿ ನೋಡು ಹೋಗು" ಎಂದರು. ಬೈದರೋ ಸಲಹೆ ಕೊಟ್ಟರೋ ಇವತ್ತಿಗೂ ತಿಳಿದಿಲ್ಲ. ನಾನು ಸಲಹೆ ಎಂದೇ ತೆಗೆದುಕೊಂಡೆ. ಜವನಗೊಂಡನಹಳ್ಳಿಯ ಪಕ್ಕದ ನಮ್ಮ ಊರಿನಲ್ಲಿ ಆಗಿನ್ನೂ ಕೇಬಲ್ ಬಂದಿರಲಿಲ್ಲ. ಹೊಸದುರ್ಗದಲ್ಲಿ ದೊಡ್ಡಮ್ಮನ ಮನೆಯಲ್ಲಿ ಬಂದಿತ್ತು. ಅಪ್ಪನಿಗೆ ವಿಷಯ ಹೇಳಿದೆ. ಅವರು ನೇಗಿಲು ಕಟ್ಟುತ್ತಿದ್ದವರು ತಲೆ ಎತ್ತಿ, "ಟೀವಿ ನೋಡಾಕೆ ಅಂತ ಮೇಷ್ಟ್ರೇ ಕಳಿಸ್ತಾರಾ? ನಮ್ ಕಾಲ್ದಾಗೆ ಇಂಥ ಮೇಷ್ಟ್ರು ಎಲ್ಲಿಗ್ ಹೋಗಿದ್ರೋ" ಎಂದರು. ಬಟ್ಟೆ ತುಂಬಿಕೊಂಡು ಹಿರಿಯೂರಿಗೆ ಬಂದು ಹೊಸದುರ್ಗದ ಬಸ್ಸು ಹತ್ತಿದೆ.

ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಆಗಷ್ಟೇ ನಿವೃತ್ತಳಾಗಿದ್ದಳು. ತಾಲ್ಲೂಕಿನ ಅರ್ಧ ಜನ ಹುಟ್ಟುವಾಗ ಮೊದಲು ಕೇಳಿಸಿಕೊಂಡದ್ದು ಅವಳ ಬೈಗುಳವನ್ನೇ. ಹೆರಿಗೆ ನೋವಿನಲ್ಲಿ ಕೂಗುವವರಿಗಿಂತ ಜೋರಾಗಿ ಅವಳು ಕೂಗುತ್ತಿದ್ದಳಂತೆ. ದೊಡ್ಡಪ್ಪ ಹೊಸದುರ್ಗದಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಹೋಗುವ ಒಂದು ಪ್ರೈವೇಟ್ ಬಸ್ಸಿನಲ್ಲಿ ಡ್ರೈವರಾಗಿದ್ದು, ಅವರೂ ಸ್ಟೇರಿಂಗು ಬಿಟ್ಟು ಮನೆಯಲ್ಲಿ ಕೂತಿದ್ದರು. ಅವರಿಗೆ ಮಾತು ಬರುತ್ತದೋ ಇಲ್ಲವೋ ಎಂದು ಚಿಕ್ಕವಳಿದ್ದಾಗ ನನಗೆ ನಿಜವಾಗಿಯೂ ಅನುಮಾನವಿತ್ತು. ಊಟಕ್ಕೆ ಕೂತಾಗ ತಟ್ಟೆಯನ್ನು ಮುಂದೆ ತಳ್ಳಿದರೆ 'ಹಾಕು', ಮೇಲೆ ಕೈ ಇಟ್ಟರೆ 'ಸಾಕು'. ಉಳಿದ ಎಲ್ಲ ಮಾತನ್ನೂ ಇಬ್ಬರ ಪರವಾಗಿ ದೊಡ್ಡಮ್ಮನೇ ಆಡುತ್ತಿದ್ದಳು.

ನಾನು ಹೋದ ದಿನವೇ ಸಂಜೆ ಟೀವಿಯಲ್ಲಿ ಇಂಗ್ಲಿಷ್ ಚಾನೆಲ್ಲುಗಳನ್ನು ಹುಡುಕಿದೆ. ಒಂದರಲ್ಲಿ ಸುದ್ದಿ, ಒಂದರಲ್ಲಿ ಹಾವು, ಇನ್ನೊಂದರಲ್ಲಿ ನಾವು ಮೂವರೂ ಕೂತು ನೋಡುವಂಥದ್ದಲ್ಲದ ಏನೋ. ನಾಲ್ಕನೆಯದರಲ್ಲಿ ಒಂದು ಕಾರ್ಟೂನು. ಗುಂಡು ಬದನೆಕಾಯಿಯಂಥ ಒಂದು ಬಸ್ಸು ನಕ್ಷತ್ರಗಳ ನಡುವೆ ಹೊಗೆ ಬಿಟ್ಟುಕೊಂಡು ಹೋಗುತ್ತಿತ್ತು.

"ಇದು ಇರ್ಲಿ" ಎಂದರು ದೊಡ್ಡಪ್ಪ.

ದೊಡ್ಡಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಯಾರು ಮಾತಾಡಿದ್ದು?"

ಹೀಗೆ ಶುರುವಾಯಿತು. ಅದು ವಾರಕ್ಕೆ ಐದು ದಿನ ಸಂಜೆ ಬರುತ್ತಿದ್ದ ಧಾರಾವಾಹಿ. ಸಾವಿರ ವರ್ಷ ಆಚೆಗಿನ ಕತೆ. ಗ್ರಹದಿಂದ ಗ್ರಹಕ್ಕೆ ಜನರನ್ನು ಸಾಗಿಸುವ ಲಡಾಸು ಆಕಾಶ-ಬಸ್ಸು. ಅದರ ಡ್ರೈವರಿಗೆ ಎರಡು ತಲೆ. ಒಂದು ನಿದ್ದೆ ಮಾಡುವಾಗ ಇನ್ನೊಂದು ಓಡಿಸಬೇಕು ಎಂಬುದು ಕಂಪನಿಯ ಲೆಕ್ಕಾಚಾರ. ಆದರೆ ಎರಡೂ ಎದ್ದೇ ಇದ್ದು ಜಗಳವಾಡುತ್ತಿದ್ದವು. ಕಂಡಕ್ಟರ್ ಒಂದು ರೋಬೋಟು, ಉದ್ದಕ್ಕೆ ತೆಳ್ಳಗೆ, ಹಣೆಯ ಮೇಲೆ ಒಂದೇ ಬಲ್ಬಿನ ಕಣ್ಣು. ಪ್ರಪಂಚದಲ್ಲಿ ತನಗೆ ಗೊತ್ತಿಲ್ಲದ್ದು ಇಲ್ಲವೇ ಇಲ್ಲ ಎಂದು ಅದರ ನಂಬಿಕೆ. ಹಿಂದಿನ ಸೀಟಿನಲ್ಲಿ ಗೊಣ್ಣೆಹುಳುವಿನಂಥ ಒಬ್ಬ ಮುದುಕ ಪ್ರಯಾಣಿಕ. ಅವನು ಎಲ್ಲಿ ಹತ್ತಿದ, ಎಲ್ಲಿ ಇಳಿಯಬೇಕು ಯಾರಿಗೂ ಗೊತ್ತಿಲ್ಲ. ಪ್ರತಿ ಕಂತಿನಲ್ಲಿ ಒಂದು ಸಲ ಎಚ್ಚರವಾಗಿ ತನ್ನ ಸ್ಟಾಪು ಬಂತೇ ಎಂದು ಕೇಳಿ ಮತ್ತೆ ಮಲಗುತ್ತಿದ್ದ.

ಇಷ್ಟೂ ನನಗೆ ಒಂದೇ ದಿನಕ್ಕೆ ಅರ್ಥವಾಯಿತು ಎಂದರೆ ಸುಳ್ಳು. ಅವರ ಇಂಗ್ಲಿಷು ಹುರಿಗಡಲೆ ಚೆಲ್ಲಿದ ಹಾಗೆ ಬೀಳುತ್ತಿತ್ತು. ಎರಡು ಕಾಳು ಕೈಗೆ ಸಿಕ್ಕರೆ ಹತ್ತು ಮಂಚದ ಕೆಳಗೆ. ಆದರೂ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಾಗಾಗಿ ಗತ್ತಿನಿಂದ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೆಯ ದಿನ ದೊಡ್ಡಮ್ಮ ಹಿಡಿದಳು.

"ಲೇ, ಅವ್ನು ಅಷ್ಟುದ್ದ ಮಾತಾಡ್ದ, ಹಿಂದೆ ಜನ ಬಿದ್ದು ಬಿದ್ದು ನಕ್ರು. ನೀನು 'ಊಟಕ್ಕೆ ಹೋಗಾಣ' ಅಂದ ಅಂತೀಯ. ಊಟಕ್ಕೆ ಹೋಗಾಣ ಅಂದ್ರೆ ಯಾವನ್ ನಗ್ತಾನೆ?"

"ಅಷ್ಟೇ ದೊಡ್ಡಮ್ಮ ಹೇಳಿದ್ದು."

"ಸುಳ್ಳು ಬೊಗಳ್ಬೇಡ. ಸುಮ್ಕಿರು, ನಾನ್ ಹೇಳ್ತೀನಿ."

ಅಂದಿನಿಂದ ಕತೆ ಹೇಳುವುದು ಅವಳ ಕೈಗೆ ಹೋಯಿತು. ಅವಳಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು ಮಾತ್ರೆಗಳ ಹೆಸರು ಮಾತ್ರ. ಆದರೆ ಪಾತ್ರಗಳ ಮುಖ ನೋಡಿ ಅವಳು ಹೇಳುತ್ತಿದ್ದ ಕತೆ ನನ್ನ ಭಾಷಾಂತರಕ್ಕಿಂತ ಎಷ್ಟೋ ಮೇಲಿತ್ತು. ಒಂದು ಕಂತಿನಲ್ಲಿ ಬಸ್ಸಿನೊಳಗೆ ಯಾವುದೋ ಗ್ರಹದ ಹೆಂಗಸು ನೀಲಿ ಮೊಟ್ಟೆ ಇಡುತ್ತಾಳೆ, ರೋಬೋಟು ಕೈಗೆ ಗ್ಲೌಸು ಹಾಕಿಕೊಂಡು ಹೆರಿಗೆ ಮಾಡಿಸುತ್ತದೆ. ದೊಡ್ಡಮ್ಮ ಕೂತಲ್ಲಿಂದ ಎದ್ದೇಬಿಟ್ಟಳು. "ಅಯ್ಯೋ ನಿನ್ ಮಕಕ್ ಮಣ್ಣಾಕ, ಹಂಗ್ ಹಿಡೀತಾರೇನೋ! ಬಿಸಿನೀರ್ ಎಲ್ಲೈತೆ? ಅವಳ ಬೆನ್ ಯಾರ್ ನೀವ್ತಾರೆ, ನಿಮ್ಮಪ್ಪನಾ?" ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯಲ್ಲಿ ಇಣುಕಿದರು.

ದೊಡ್ಡಪ್ಪ ನೋಡುತ್ತಿದ್ದುದು ಬರೀ ಡ್ರೈವಿಂಗು. ಇಂಡಿಕೇಟರ್ ಹಾಕದೆ ಚಂದ್ರನ ಎಡಕ್ಕೆ ತಿರುಗಿಸಿದ ಎಂದು ಒಂದು ದಿನವೆಲ್ಲ ಬೇಜಾರು ಮಾಡಿಕೊಂಡಿದ್ದರು. ಇನ್ನೊಂದು ಕಂತಿನಲ್ಲಿ ಕಾಲ ಎಲ್ಲೋ ಸಿಕ್ಕಿಕೊಂಡು ಬಸ್ಸು ದಿನಾ ಅದೇ ಸ್ಟಾಪಿಗೆ ಹೋಗಿ, ಅದೇ ಜನರನ್ನು ಹತ್ತಿಸಿ, ಅದೇ ಹೊತ್ತಿಗೆ ವಾಪಸು ಬರುತ್ತದೆ. ಹೊರಗೆ ಬರುವ ದಾರಿ ಕಾಣದೆ ಎರಡೂ ತಲೆ ಅಳುತ್ತವೆ. ಇದು ವಿಜ್ಞಾನದ ದೊಡ್ಡ ಸಮಸ್ಯೆ ಎಂದು ನಾನು ವಿವರಿಸಿದೆ.

ದೊಡ್ಡಪ್ಪ ಬೀಡಿ ಕೆಳಗಿಟ್ಟು, "ಇದ್ರಾಗೆ ಸೈನ್ಸ್ ಏನೈತೆ? ನಾನು ಚಿತ್ರದುರ್ಗಕ್ಕೆ ಮೂವತ್ತೆರಡು ವರ್ಷ ಓಡ್ಸಿದ್ದು ಇದೇ ಅಲ್ವಾ?" ಎಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕಪಕ್ಕದ ಮನೆಯವರು ಟೀವಿ ನೋಡಲು ಬರತೊಡಗಿದ್ದರು. ಎಲ್ಲರ ಮನೆಯಲ್ಲೂ ಟೀವಿ ಇತ್ತು, ದೊಡ್ಡಮ್ಮ ಇರಲಿಲ್ಲ. ಒಂದು ಸಂಜೆ ಕೇಬಲ್ಲಿನವನೂ ಬಂದು ಬಾಗಿಲಲ್ಲಿ ನಿಂತ. ಮೂವತ್ತರ ಆಸುಪಾಸಿನ ಗಂಡಸು, ಹೆಗಲಲ್ಲಿ ಯಾವಾಗಲೂ ಒಂದು ಸುತ್ತು ವೈರು. ಊರಿಗೆಲ್ಲ ಅವನದೇ ಲೈನು. ಜೊತೆಗೆ ಅವನದೇ ಒಂದು ಲೋಕಲ್ ಚಾನೆಲ್ಲು, ಅದರಲ್ಲಿ ಸೀರೆ ಅಂಗಡಿಯ ಜಾಹೀರಾತು, ಹುಟ್ಟುಹಬ್ಬದ ಫೋಟೋ, ಮಧ್ಯಾಹ್ನ ಹಳೇ ಸಿನಿಮಾ ಹಾಕುತ್ತಿದ್ದ. ಕಂತು ಮುಗಿಯುವವರೆಗೂ ನಿಂತು ನಕ್ಕು, ಕಣ್ಣು ಒರೆಸಿಕೊಂಡ.

"ನರ್ಸಮ್ಮಾರೆ, ಇದನ್ನ ಟೇಪಿಗೆ ಹಾಕ್ಕಂತೀನಿ. ಭಾನ್ವಾರ ಬೆಳಗ್ಗೆ ನನ್ ಚಾನೆಲ್ಲಾಗೆ ಬಿಡಾಣ. ಇಂಗ್ಲಿಷ್ ಸೌಂಡ್ ತೆಗ್ದು, ನೀವು ಮೈಕಿನಾಗೆ ಮಾತಾಡ್ರಿ."

"ನಂಗೇನ್ ಬೇರೆ ಕೆಲ್ಸ ಇಲ್ವೇನಪ್ಪ?"

"ಏನೈತ್ರಿ ಕೆಲ್ಸ?"

ದೊಡ್ಡಮ್ಮ ಯೋಚಿಸಿದಳು. ಆಮೇಲೆ, ಭಾನುವಾರ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು.

ಹಾಗೆ ಮಾಡುವುದು ಕಾನೂನಿನ ಪ್ರಕಾರ ಸರಿಯೋ ತಪ್ಪೋ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೇಬಲ್ಲಿನವನಿಗೆ ಹೊಳೆದಿದ್ದರೂ ಅವನು ಹೇಳಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯ ಮೇಲೆ ಅವನ ಕಂಟ್ರೋಲ್ ರೂಮು. ಹತ್ತಡಿ ಕೋಣೆ, ಕಿಟಕಿಯಿಲ್ಲ, ಗೋಡೆ ತುಂಬ ವೈರು, ಕೆಳಗಿನಿಂದ ಬನ್ನಿನ ವಾಸನೆ. ಒಂದು ಟೀವಿ, ಒಂದು ಟೇಪು ಹಾಕುವ ಪೆಟ್ಟಿಗೆ, ಮದುವೆ ಮನೆಗೆ ಬಾಡಿಗೆಗೆ ಕೊಡುವಂಥ ಒಂದು ಮೈಕು. ಟೇಪು ಓಡುತ್ತಿದ್ದಂತೆ ಮೈಕಿಗೆ ಆಡಿದ ಮಾತು ನೇರವಾಗಿ ಊರಿನ ಟೀವಿಗಳಿಗೆ ಹೋಗುತ್ತಿತ್ತು. ಪಾತ್ರ ಹಂಚಿದ್ದು ದೊಡ್ಡಮ್ಮ. ತನಗೆ ಎಲ್ಲ ಗೊತ್ತು ಎನ್ನುವ ರೋಬೋಟು ಕಂಡಕ್ಟರನ್ನು ಯಾರನ್ನೂ ಕೇಳದೆ ತಾನೇ ಇಟ್ಟುಕೊಂಡಳು. ನನಗೆ ಗೊಣ್ಣೆಹುಳು ಮುದುಕ. "ಬಂತಾ?" ಎನ್ನುವುದಷ್ಟೇ ನನ್ನ ಮಾತು. ಉಳಿದ ಹೊತ್ತು ಕತೆ ಬರೆದ ಕಾಗದ ಹಿಡಿದು ಯಾರ ಸರದಿ ಎಂದು ಬೆರಳು ತೋರಿಸಬೇಕು.

"ಡ್ರೈವರ್ ಯಾರು?" ಎಂದೆ.

"ನಾನೇ" ಎಂದರು ದೊಡ್ಡಪ್ಪ. "ಬ್ಯಾರೆ ಯಾರಿಗ್ ಬರ್ತೈತೆ?"

"ಎರಡು ತಲೆಗೂ ಬೇರೆ ಬೇರೆ ದನಿ ಬೇಕು ದೊಡ್ಡಪ್ಪ."

"ಮಾಡಾಣ ಬಿಡು."

ಮೊದಲ ಭಾನುವಾರ ಅವರು ಮೈಕಿನ ಮುಂದೆ ಕೂತರು. ಎಡದ ತಲೆಗೆ ತಮ್ಮದೇ ದನಿ, ಮೆಲ್ಲಗೆ, ಗೊರಗೊರ. ಬಲದ ತಲೆ ಬಾಯಿ ತೆರೆದಾಗ ನನ್ನ ಕೈಯ ಕಾಗದ ಬಿದ್ದೇಹೋಯಿತು. ಅದು ದೊಡ್ಡಮ್ಮ. ಅವಳ ದನಿ, ಅವಳ ಎಳೆತ, ಮಾತಿನ ಕೊನೆಗೆ ಅವಳು ಮೂಗಿನಲ್ಲಿ ಬಿಡುವ 'ಹ್ಞೂಂ' ಸಮೇತ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ ಅಷ್ಟೂ ದಿನ ಕೇಳಿಸಿಕೊಳ್ಳುತ್ತಿದ್ದರು! ಕೇಬಲ್ಲಿನವನು ಬಾಯಿಗೆ ಟವೆಲು ತುರುಕಿಕೊಂಡು ಗೋಡೆಗೆ ತಿರುಗಿದ. ದೊಡ್ಡಮ್ಮನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ತನ್ನ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಯಾರಿಗೆ ತಾನೆ ಗೊತ್ತಿರುತ್ತದೆ? "ಆ ಬಲಗಡೆ ತಲೆ ಭಾರಿ ಬಾಯಿ ಮಾಡ್ತೈತೆ, ಎರಡು ಬಿಗೀಬೇಕು ಅದ್ಕೆ" ಎಂದಳು ಮನೆಗೆ ಹೋಗುವಾಗ.

ಅದು ಅವಳದೇ ದನಿಯೆಂದು ಊರಿಗೆಲ್ಲ ಗೊತ್ತಾಗಿತ್ತು. ಎರಡನೆಯ ಭಾನುವಾರಕ್ಕೆ ಬೇಕರಿಯ ಟೀವಿಯ ಮುಂದೆ ಜನ ನಿಂತು ನೋಡಿದರು. ಹೋಟೆಲಿನಲ್ಲಿ ಇಡ್ಲಿ ತಡವಾದರೆ ಗಿರಾಕಿಗಳು "ಬಂತಾ?" ಎನ್ನತೊಡಗಿದರು. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರು ಕೊಡೆ ಹಿಡಿದುಕೊಂಡು ಮನೆಗೆ ಬಂದು, ರೋಬೋಟಿನ ಬಾಯಲ್ಲಿ ಬರುವ ಮಾತುಗಳು ಸಂಸಾರಸ್ಥರು ಕೇಳುವಂಥವಲ್ಲ, ಇದು ಕನ್ನಡದ ಕಗ್ಗೊಲೆ ಎಂದು ಅರ್ಧ ಗಂಟೆ ಹೇಳಿದರು. ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟು, "ಕುಂತ್ಕಳ್ರಿ ಮೇಷ್ಟ್ರೇ. ನಿಮ್ ಮೂರು ಮಕ್ಳೂ ಹುಟ್ಟುವಾಗ ನಾನ್ ಇವೇ ಮಾತಾಡಿದ್ದು, ಹೊರಗ್ ನಿಂತಿದ್ರಲ್ಲ, ಕೇಳ್ಸಿರ್ಬೇಕು" ಎಂದಳು. ಅವರು ಕಾಫಿ ಕುಡಿದು ಲೋಟ ಇಟ್ಟು, ಸ್ವಲ್ಪ ಕೆಮ್ಮಿ, ಶುದ್ಧ ಕನ್ನಡ ಬೇಕಾಗುವ ಪಾತ್ರವೇನಾದರೂ ಇದೆಯೇ ಎಂದು ವಿಚಾರಿಸಿದರು. ಬಸ್ಸಿನೊಳಗೆ ಆಗಾಗ ಏನೋ ಘೋಷಣೆ ಮಾಡುವ ಯಂತ್ರವೊಂದಿತ್ತು, ಅದನ್ನು ಅವರಿಗೆ ಕೊಟ್ಟೆವು. "ಮಾನ್ಯ ಪ್ರಯಾಣಿಕ ಮಹಾಶಯರೇ, ವಾಹನವು ಇನ್ನು ಕೆಲವೇ ಕ್ಷಣಗಳಲ್ಲಿ ಸ್ಫೋಟಗೊಳ್ಳಲಿದೆ" ಎಂದು ಅವರು ಹೇಳಿದ ರೀತಿಗೆ ಬೇಕರಿಯವನು ಮೇಲೆ ಒಂದು ತಟ್ಟೆ ಪಫ್ಸು ಕಳಿಸಿದ.

ಐದನೆಯ ಭಾನುವಾರಕ್ಕೆ ಸ್ವಲ್ಪ ಮುಂಚೆ, ಪಕ್ಕದ ಮನೆಯ ಟೈಲರ್ ಹೆಂಗಸು ರವಿಕೆ ಅಳತೆ ತೆಗೆದುಕೊಳ್ಳುತ್ತಾ ಬಾಯಿ ಬಿಟ್ಟಳು. "ನಿಮ್ ಯಜಮಾನ್ರು ಆ ಬಲಗಡೆ ತಲೆಗೆ ನಿಮ್ ದನಿ ಎಷ್ಟ್ ಚೆಂದ ಮಾಡ್ತಾರಕ್ಕ!" ದೊಡ್ಡಮ್ಮ ಅಳತೆ ಅರ್ಧಕ್ಕೇ ಬಿಟ್ಟು ಬಂದಳು. ಬಂದು ಬೈಯಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು. ಎರಡು ದಿನ ತಟ್ಟೆಗೆ ಸದ್ದಿಲ್ಲದೆ ಮುದ್ದೆ ಬಿತ್ತು, ಸದ್ದಿಲ್ಲದೆ ಸಾರು ಬಿತ್ತು. ಈ ಸಲ ಮೈಕಿನ ಹತ್ತಿರ ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಭಾನುವಾರ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ನಿಂತಿದ್ದಳು.

ಅಂದಿನ ಕಂತಿನಲ್ಲಿ ಬಸ್ಸು ಒಂದು ಕೆಂಪು ಧೂಳಿನ ಗ್ರಹದಲ್ಲಿ ನಿಲ್ಲುತ್ತದೆ. ಕಂಡಕ್ಟರ್ ಇಳಿದಿರುತ್ತದೆ, ತಲೆಗಳು ಜಗಳದಲ್ಲಿ ಮರೆತು ಬಸ್ಸನ್ನು ಬಿಟ್ಟೇಬಿಡುತ್ತವೆ. ರೋಬೋಟು ಧೂಳಿನಲ್ಲಿ ಕೈ ಎತ್ತಿಕೊಂಡು ಒಂಟಿಯಾಗಿ ನಿಂತಿರುತ್ತದೆ. ದೊಡ್ಡಮ್ಮ ಆಗ ಹೇಳಬೇಕಾಗಿದ್ದುದು, "ಅಯ್ಯೋ, ನನ್ನ ಬಿಟ್ಟು ಹೋದ್ರಲ್ಲಪ್ಪೋ" ಎಂದು. ನಾನು ಬೆರಳು ತೋರಿಸಿದೆ. ಅವಳು ಟೀವಿಯನ್ನೇ ನೋಡುತ್ತಿದ್ದಳು. ಮತ್ತೆ ತೋರಿಸಿದೆ.

"ನಿಂಗೆ ಇದೇನ್ ಹೊಸ್ದಲ್ಲ ಡ್ರೈವರಪ್ಪ" ಎಂದಳು ಮೈಕಿಗೆ. "ಮಾಡದಕೆರೆ ಸ್ಟಾಪಿನಾಗೂ ಹಿಂಗೇ ಬಿಟ್ಟು ಹೋಗಿದ್ದೆ."

ಕಾಗದದಲ್ಲಿ ಮಾಡದಕೆರೆ ಇರಲಿಲ್ಲ. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಕೇಬಲ್ಲಿನವನ ಮುಖ ನೋಡಿದೆ. ಅವನು ಕೈ ಕಟ್ಟಿಕೊಂಡು ಗೋಡೆಗೆ ಒರಗಿದ. ಮೈಕು ಆರಿಸುವ ಲಕ್ಷಣವೇ ಕಾಣಲಿಲ್ಲ.

"ಔಷಧಿ ಪೆಟ್ಟಿಗೆ ತಲೆ ಮ್ಯಾಲೆ ಹೊತ್ಕಂಡು, ಕೈ ಎತ್ಕಂಡು ನಿಂತಿದ್ದೆ. ಸೋಮವಾರ. ಹಿಂದಿನ್ ಗುರುವಾರ ತಾನೆ ನಮ್ಮಿಬ್ರ ಮದ್ವೆ ಮಾತು ಮುಗ್ದಿತ್ತು. ನೋಡ್ದೆ ನೀನು. ನೋಡಿ, ಗಾಡಿ ನಿಲ್ಲಿಸ್ದೆ ಹೋದೆ. ಎತ್ತಿನ ಗಾಡಿ ಸಿಗೋ ಗಂಟ ನಡ್ದೆ ನಾನು."

ತೆರೆಯ ಮೇಲೆ ಎರಡು ತಲೆಗಳು ಯಾವುದೋ ವಿಚಾರಕ್ಕೆ ಕಿರುಚಾಡುತ್ತಿದ್ದವು. ದನಿಯೇ ಇಲ್ಲ. ಕೊನೆಗೆ ಬಲದ ತಲೆ ಬಾಯಿ ತೆರೆಯಿತು. ದೊಡ್ಡಪ್ಪ ಮೈಕಿಗೆ ಬಾಗಿದರು. ಹೊರಗೆ ಬಂದದ್ದು ದೊಡ್ಡಮ್ಮನ ದನಿ.

"ಹೇಳು, ಯಾಕ್ ಬಿಟ್ಟೋದೆ? ಅವಳು ಕೇಳ್ತಾ ಅವ್ಳೆ, ಹೇಳು. ಬಾಯಾಗೇನ್ ಕಡುಬೈತಾ?"

ಎಡದ ತಲೆ ತಡವರಿಸಿತು. "ಬಸ್ಸಿನಾಗೆಲ್ಲ ಗೊತ್ತಾಗಿತ್ತು. ಕಂಡಕ್ಟರ್ ಸಾರಿಬಿಟ್ಟಿದ್ದ, ಮುಂದಿನ್ ಸ್ಟಾಪಿನಾಗೆ ಡ್ರೈವರ್ ಹೆಂಡ್ತಿ ಹತ್ತಾಳೆ ಅಂತ. ಎಲ್ರೂ ಕಿಟಕಿಗೆ ಬಂದ್ರು."

"ಬಂದ್ರೆ?"

"ನಾಚ್ಕೆ ಆತು."

"ನಾಚ್ಕೆ ಆದ್ರೆ ಆಕ್ಸಿಲೇಟ್ರು ತುಳೀತಾರಾ?" ಇದನ್ನು ಕೇಳಿದ್ದು ಬಲದ ತಲೆಯೋ ದೊಡ್ಡಮ್ಮನೋ ಎಂದು ನನಗೆ ಗೊತ್ತಾಗಲಿಲ್ಲ. ಬಹುಶಃ ಇಬ್ಬರೂ ಒಟ್ಟಿಗೆ ಕೇಳಿದರು.

"ಕಾಲು ತಾನೇ ತುಳೀತು. ಹೊಳಲ್ಕೆರೆ ಗಂಟ ಹಿಂದಕ್ ತಿರುಗಿ ನೋಡ್ಲಿಲ್ಲ."

ಕಂತು ಇನ್ನೂ ಹತ್ತು ನಿಮಿಷ ಇತ್ತು. ಹೆಡ್‌ಮಾಸ್ತರರು ಯಾರಾದರೂ ಏನಾದರೂ ಮಾಡಬೇಕಲ್ಲ ಎಂದು, ಮೈಕು ಎಳೆದುಕೊಂಡು, "ಮಾನ್ಯ ಪ್ರಯಾಣಿಕರೇ, ತಾಂತ್ರಿಕ ಕಾರಣಗಳಿಂದ ವಾಹನವು ಸ್ವಲ್ಪ ಹೊತ್ತು ಇಲ್ಲಿಯೇ ನಿಲ್ಲುವುದು" ಎಂದರು. ಕೆಳಗಿನಿಂದ ಶಿಳ್ಳೆ ಕೇಳಿಸಿತು, ಆಮೇಲೆ ಚಪ್ಪಾಳೆ.

ಮನೆಗೆ ನಡೆಯುವಾಗ ದೊಡ್ಡಮ್ಮ ಮುಂದೆ, ದೊಡ್ಡಪ್ಪ ಹತ್ತು ಹೆಜ್ಜೆ ಹಿಂದೆ. ದಾರಿಯಲ್ಲಿ ಅಂಗಡಿಯವರೆಲ್ಲ ಎದ್ದು ನಿಂತು ಏನೂ ಕಾಣದವರ ಹಾಗೆ ತಕ್ಕಡಿ ಒರೆಸುತ್ತಿದ್ದರು. ಹಿರಿಯೂರಿಗೆ ಮದುವೆಯಾಗಿ ಹೋಗಿದ್ದ ಅವರ ಮಗಳು ಆಗಲೇ ಎರಡು ಸಲ ಫೋನು ಮಾಡಿ, "ಅಪ್ಪ ಟೀವಿಯಾಗೆ ಏನೋ ಒಪ್ಕಂಡ್ರಂತೆ, ಏನದು?" ಎಂದು ಕೇಳಿದ್ದಳೆಂದು ಪಕ್ಕದ ಮನೆಯವರು ಬಂದು ಹೇಳಿದರು. ದೊಡ್ಡಮ್ಮ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಬಾಗಿಲ ಹತ್ತಿರ ನಿಂತ ಗಂಡನಿಗೆ ಬೆನ್ನು ಹಾಕಿಕೊಂಡೇ ಹೇಳಿದಳು:

"ನಾನು ನಿಮಗ್ ಸೇರ್ಲಿಲ್ಲ ಅಂದ್ಕಂಡಿದ್ದೆ. ಮಾತು ಕೊಟ್ಟಾಗೈತೆ ಅಂತ ಕಟ್ಕಂಡ್ರು ಅಂದ್ಕಂಡಿದ್ದೆ."

"ಕೇಳ್ಬೇಕಿತ್ತು."

"ನೀವ್ ಹೇಳ್ಬೇಕಿತ್ತು."

"ನೀನು ಬಿಟ್ರೆ ತಾನೆ ಮಾತಾಡಾಕೆ" ಎಂದರು ದೊಡ್ಡಪ್ಪ. ಅವಳು ಅಕ್ಕಿಯ ಪಾತ್ರೆ ಕೆಳಗಿಟ್ಟು ನಕ್ಕಳು, ನಗುತ್ತಾ ನಗುತ್ತಾ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ಜಾಗ ಖಾಲಿ ಮಾಡಿ ಅಂಗಳಕ್ಕೆ ಹೋದೆ. ನನ್ನಂಥ ಗೊಣ್ಣೆಹುಳುವಿಗೂ ಎಲ್ಲಿ ಇಳಿಯಬೇಕೆಂದು ಒಮ್ಮೊಮ್ಮೆ ಗೊತ್ತಾಗುತ್ತದೆ.

ಅದಾದ ಮೇಲೆ ದೊಡ್ಡಪ್ಪನ ಬಾಯಿ ನಿಲ್ಲಲಿಲ್ಲ. ಹೊಳಲ್ಕೆರೆಯ ತಿರುವಿನ ಕತೆ, ಚಿತ್ರದುರ್ಗದ ಸ್ಟ್ಯಾಂಡಿನಲ್ಲಿ ಬಸ್ಸಿನ ಮೇಲಿಂದ ಹಾರಿದ ಕೋಳಿಗಳ ಕತೆ, ಮೂವತ್ತು ವರ್ಷ ಕೂಡಿಟ್ಟದ್ದೆಲ್ಲ ಒಂದೇ ಸಮನೆ. ಎರಡು ವಾರಕ್ಕೆ ದೊಡ್ಡಮ್ಮ ನನ್ನ ಕಿವಿಯಲ್ಲಿ, "ಮೊದ್ಲೇ ವಾಸಿ ಇತ್ತು ಕಣೆ" ಎಂದಳು. ನಾನು ಮೂರನೆಯ ಸಲ ಪರೀಕ್ಷೆ ಬರೆದೆ. ಪ್ರಯಾಣದ ಬಗ್ಗೆ ಪ್ರಬಂಧ ಕೇಳಿದ್ದರು. ಎರಡು ತಲೆಯ ಡ್ರೈವರನನ್ನು ಹಾಕಿ ನಾಲ್ಕು ಪುಟ ತುಂಬಿಸಿದೆ. ಪಾಸಾಯಿತು. ಯಾವ ತಲೆ ತಿದ್ದಿತೋ ದೇವರೇ ಬಲ್ಲ.

ಅಷ್ಟರಲ್ಲಿ ಆ ಇಂಗ್ಲಿಷ್ ಚಾನೆಲ್ಲಿಗೆ ಇನ್ನು ಮುಂದೆ ಬೇರೆ ದುಡ್ಡು ಕಟ್ಟಬೇಕು ಎಂದಾಯಿತು, ಕೇಬಲ್ಲಿನವನು ಅದನ್ನು ಕೈಬಿಟ್ಟ. ಟೇಪಿನಲ್ಲಿ ಉಳಿದಿದ್ದುದು ಒಂದೇ ಕಂತು. ಅದನ್ನೂ ಚಾನೆಲ್ಲಿಗೆ ಹಾಕಿಬಿಡೋಣ ಎಂದು ಮುಂದಿನ ಭಾನುವಾರ ಎಲ್ಲರೂ ಮತ್ತೆ ಆ ಕೋಣೆಯಲ್ಲಿ ಸೇರಿದೆವು.

ಆ ಕಂತಿನ ಕೊನೆಯಲ್ಲಿ ಮಾತೇ ಇರಲಿಲ್ಲ. ಬಸ್ಸಿನ ಎಂಜಿನ್ನು ಕೆಟ್ಟು ನಿಂತಿದೆ, ಪ್ರಯಾಣಿಕರೆಲ್ಲ ಕಿಟಕಿಗೆ ಮುಖ ಒತ್ತಿ ಹೊರಗೆ ನೋಡುತ್ತಿದ್ದಾರೆ, ದೂರದಲ್ಲಿ ಬಣ್ಣಬಣ್ಣದ ಮೋಡದ ಹಾಗೆ ಏನೋ ನಿಧಾನಕ್ಕೆ ಅರಳುತ್ತಿದೆ. ತಲೆಗಳು ಜಗಳ ಬಿಟ್ಟಿವೆ. ನನ್ನ ಕಾಗದ ಖಾಲಿ. ಬೆರಳು ತೋರಿಸಲು ಯಾರೂ ಇಲ್ಲ. ಮೈಕು ಹಾಗೇ ತೆರೆದಿತ್ತು. ಕೆಳಗೆ ಬನ್ನಿನ ಟ್ರೇ ಎಳೆದ ಸದ್ದು, ಹೆಡ್‌ಮಾಸ್ತರರ ಉಸಿರು, ದೊಡ್ಡಮ್ಮನ ಬಳೆ, ಇಷ್ಟು ಊರಿಗೆಲ್ಲ ಕೇಳಿಸುತ್ತಿದ್ದಿರಬೇಕು. ಸ್ವಲ್ಪ ಹೊತ್ತಿಗೆ ಫೋನುಗಳು ಶುರುವಾದವು. ಕೇಬಲ್ಲಿನವನು ಒಂದರ ಮೇಲೊಂದು ಎತ್ತಿ, "ಸೌಂಡ್ ಹೋಗೈತೆ ಅಂತಾರ್ರಿ" ಎಂದು ಪಿಸುಗುಟ್ಟಿದ.

ದೊಡ್ಡಮ್ಮ ಮೈಕು ಹತ್ತಿರಕ್ಕೆ ಎಳೆದುಕೊಂಡಳು. "ಸೌಂಡ್ ಎಲ್ಲೂ ಹೋಗಿಲ್ರಪ್ಪ. ಅವ್ರು ಸುಮ್ಕೆ ನೋಡ್ತಾ ಅವ್ರೆ. ನೀವೂ ಸುಮ್ಕೆ ನೋಡ್ರಿ" ಎಂದಳು.